ಐದು ವಾರದ ನಿದ್ದೆ

ನನಗೆ ನಿದ್ದೆ ಬರುವುದಿಲ್ಲ ಎಂಬುದು ಹನ್ನೊಂದು ವರ್ಷ ನಮ್ಮ ಮನೆಯ ಕಾನೂನಾಗಿತ್ತು. ಕಾಯಿಲೆ ಎನ್ನುವುದಿಲ್ಲ, ಕಾನೂನು ಎಂದೇ ಹೇಳುತ್ತೇನೆ. ರಾತ್ರಿ ಎಂಟರ ಮೇಲೆ ಮಿಕ್ಸಿ ಹಾಕುವ ಹಾಗಿರಲಿಲ್ಲ. ಬಾಗಿಲ ಗಂಟೆಯ ತಂತಿ ಕಿತ್ತಿಟ್ಟಿದ್ದೆ. ಕಕ್ಕಸಿನ ಫ್ಲಶ್ಶನ್ನು ಬೆಳಗಾಗುವವರೆಗೆ ಮುಟ್ಟಕೂಡದು, ಚೊಂಬಿನಲ್ಲಿ ನೀರು ಹಾಕಬೇಕು, ಅದೂ ಸದ್ದಾಗದ ಹಾಗೆ ಅಂಚಿನಿಂದ ಇಳಿಸಬೇಕು. ಕಾಲೇಜಿಗೆ ಹೋಗುವ ಮಗಳು ಮುಖಕ್ಕೆ ದಿಂಬು ಒತ್ತಿಕೊಂಡು ಸೀನುವುದನ್ನು ಕಲಿತಿದ್ದಳು. ಇಷ್ಟೆಲ್ಲ ಆದಮೇಲೂ ಬೆಳಗ್ಗೆ ಎದ್ದು, "ರೆಪ್ಪೆಗೆ ರೆಪ್ಪೆ ಹಚ್ಚಲಿಲ್ಲ" ಎಂದು ನಾನು ಮುಖ ಊದಿಸಿಕೊಂಡು ಕೂತರೆ ಆ ದಿನ ಮನೆಯಲ್ಲಿ ಯಾರೂ ನಗುವ ಹಾಗಿರಲಿಲ್ಲ. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗುತ್ತಿರಲಿಲ್ಲ ಎನ್ನುವುದು ಇನ್ನೂ ದೊಡ್ಡ ನಾಚಿಕೆ.

ನನ್ನ ಹೆಂಡತಿ ಆಸ್ಪತ್ರೆಯೊಂದರ ಔಷಧಿ ಕೌಂಟರಿನಲ್ಲಿ ಹದಿನೆಂಟು ವರ್ಷದಿಂದ ಕೂರುವವಳು. ಡಾಕ್ಟರು ಗೀಚಿದ್ದನ್ನು ಓದಿ, ಮಾತ್ರೆ ತೆಗೆದು, ಬೆಳಗ್ಗೆ ಎಷ್ಟು ರಾತ್ರಿ ಎಷ್ಟು ಎಂದು ಕವರಿನ ಮೇಲೆ ಬರೆದು, ಕಿವಿ ಮಂದವಾದವರಿಗೆ ಎರಡೆರಡು ಸಲ ಕೂಗಿ ಹೇಳಿ ಕಳಿಸುವ ಕೆಲಸ. ಪಕ್ಕದ ಕೌಂಟರು ಖಾಲಿ ಹೊಡೆಯುತ್ತಿದ್ದರೂ ಜನ ಅವಳ ಸಾಲಿನಲ್ಲೇ ನಿಲ್ಲುತ್ತಿದ್ದರು. "ಪರವಾಗಿಲ್ಲ, ಅಕ್ಕನೇ ಕೊಡಲಿ" ಎನ್ನುತ್ತಿದ್ದರಂತೆ. ಮನೆಯಲ್ಲಿ ಬೆಕ್ಕಿನ ಹೆಜ್ಜೆ ಇಡುವವಳು ಅಲ್ಲಿ ಗಾಜಿನ ಹಿಂದೆ ಕೂತು ಗಟ್ಟಿಯಾಗಿ ನಗುತ್ತಾಳೆ ಎಂದು ನನಗೆ ತಿಳಿದದ್ದು ತೀರ ತಡವಾಗಿ. ಆ ಕೌಂಟರೆಂದರೆ ಅವಳಿಗೆ ಪ್ರಾಣ.

ನಾನು ನೀರಿನ ಮೀಟರು ಪರೀಕ್ಷಿಸುವವನು. ಉದ್ದನೆಯ ಮೇಜಿನ ಮೇಲೆ ಹತ್ತು ಮೀಟರುಗಳನ್ನು ಸಾಲಾಗಿ ಕೂರಿಸಿ, ಅಳತೆ ಗೊತ್ತಿರುವ ನೀರನ್ನು ಅವುಗಳೊಳಗೆ ಹರಿಸಿ, ಯಾವುದು ನಿಜ ಹೇಳುತ್ತದೆ, ಯಾವುದು ಸುಳ್ಳು ಹೇಳುತ್ತದೆ ಎಂದು ನೋಡಬೇಕು. ನಮ್ಮಲ್ಲಿ ಒಂದು ನಿಯಮವಿದೆ, ಓದುವವನು ಬರೆಯಬಾರದು. ಒಬ್ಬ ಅಂಕಿ ಓದಿ ಹೇಳಿದರೆ ಇನ್ನೊಬ್ಬ ಅದನ್ನು ತಿರುಗಿ ಹೇಳಿ ಬರೆದುಕೊಳ್ಳಬೇಕು. ಒಬ್ಬನೇ ಎರಡನ್ನೂ ಮಾಡಿದ ಪಟ್ಟಿ ನೇರ ಕಸದ ಬುಟ್ಟಿಗೆ. ನಾನು ಹೇಳಿದ್ದನ್ನೇ ದಿನವಿಡೀ ತಿರುಗಿ ಹೇಳಿ ಹೇಳಿ ನನ್ನ ಜೊತೆಯವನಿಗೆ ಗಿಣಿ ಎಂದು ಹೆಸರು ಬಿದ್ದಿತ್ತು. ನನ್ನನ್ನು ಬೆನ್ನ ಹಿಂದೆ ಗೂಬೆ ಎನ್ನುತ್ತಿದ್ದರು. ಅದು ನನಗೂ ಗೊತ್ತಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು.

ಹೋದ ವರ್ಷ ಹೆಂಡತಿಯೇ ಹಟ ಹಿಡಿದು ಡಾಕ್ಟರ ಬಳಿ ಕರೆದುಕೊಂಡು ಹೋದಳು. ಡಾಕ್ಟರು ನನ್ನ ಪುರಾಣವನ್ನೆಲ್ಲ ಕೇಳಿ, ಮೇಜಿನ ಖಾನೆಯಿಂದ ನಲವತ್ತು ಪುಟದ ಒಂದು ಪುಸ್ತಿಕೆ ತೆಗೆದುಕೊಟ್ಟರು.

"ನಿದ್ದೆ ಮಾತ್ರೆ ಕೇಳಬೇಡಿ, ನಾನು ಕೊಡಲ್ಲ. ಇದು ನಿಮ್ಮಷ್ಟಕ್ಕೆ ನೀವೇ ಮಾಡ್ಕೊಳ್ಳೋ ಚಿಕಿತ್ಸೆ. ಆರು ವಾರ ಇದರಲ್ಲಿ ಹೇಳಿದ ಹಾಗೆ ಮಾಡಿ. ಆಗಲಿಲ್ಲ ಅಂದ್ರೆ ಬಂದು ನನ್ನ ಬೈಯಿರಿ."

ಸಂಜೆ ಹೆಂಡತಿ ಅದನ್ನು ನನಗೆ ಓದಿ ಹೇಳಿದಳು. ನನಗೆ ಕನ್ನಡಕ ಹಾಕಿಕೊಳ್ಳುವ ಸೋಮಾರಿತನ. ಹಾಸಿಗೆ ಇರುವುದು ನಿದ್ದೆಗೆ ಮಾತ್ರ. ಅಲ್ಲಿ ಕೂತು ಚಿಂತೆ ಮಾಡುವಂತಿಲ್ಲ. ಇಪ್ಪತ್ತು ನಿಮಿಷದಷ್ಟು ಹೊತ್ತಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ ಕೂರಬೇಕು, ಕಣ್ಣು ಎಳೆದಾಗ ಮಾತ್ರ ವಾಪಸು ಬರಬೇಕು. ರಾತ್ರಿ ಹೇಗೇ ಕಳೆದಿರಲಿ, ಬೆಳಗ್ಗೆ ಒಂದೇ ಹೊತ್ತಿಗೆ ಏಳಬೇಕು. ಹಗಲು ಮಲಗಬಾರದು. ಎಷ್ಟು ಹೊತ್ತು ನಿದ್ದೆ ಬರುತ್ತದೋ ಹಾಸಿಗೆಯಲ್ಲೂ ಅಷ್ಟೇ ಹೊತ್ತು ಇರಬೇಕು, ನನ್ನ ಲೆಕ್ಕಕ್ಕೆ ಹನ್ನೆರಡೂವರೆಯಿಂದ ಐದೂವರೆ. ನಿದ್ದೆ ಗಟ್ಟಿಯಾದ ಹಾಗೆ ವಾರಕ್ಕೆ ಕಾಲು ಗಂಟೆ ಸೇರಿಸಿಕೊಳ್ಳಬಹುದು. ಇವೆಲ್ಲ ಸರಿ ಎಂದುಕೊಂಡೆ. ಆಮೇಲೆ ದಿನಚರಿಯ ಪುಟ ಬಂತು. ರಾತ್ರಿ ಗಡಿಯಾರ ನೋಡಬೇಡಿ, ಬೆಳಗ್ಗೆ ಎದ್ದು ಎಷ್ಟು ಹೊತ್ತು ಮಲಗಿದಿರಿ ಎಂದು ಬರೆಯಿರಿ, ಅಂದಾಜು ಸಾಕು.

"ಅಂದಾಜಾ?" ನನಗೆ ಮೈಯೆಲ್ಲ ಉರಿದುಹೋಯಿತು. "ಇದನ್ನ ಬರೆದವನು ಯಾವನು? ಓದೋನೂ ನಾನೇ, ಬರೆಯೋನೂ ನಾನೇ, ಅದರ ಮೇಲೆ ಅಂದಾಜು! ನಮ್ಮ ಆಫೀಸಲ್ಲಿ ಇಂಥ ಪಟ್ಟಿ ಕೊಟ್ರೆ ಮುಖದ ಮೇಲೆ ಎಸೀತಾರೆ."

"ಸಾಕು ಅಂತ ಅವರೇ ಬರೆದಿದಾರಲ್ಲ ರೀ," ಎಂದಳು ಹೆಂಡತಿ.

"ಅವರಿಗೆ ಸಾಕು, ನನಗೆ ಸಾಲದು. ನೀನು ಬರಿ. ಹೇಗಿದ್ರೂ ಮಧ್ಯೆ ಮಧ್ಯೆ ನಿನಗೆ ಎಚ್ಚರ ಆಗುತ್ತಲ್ಲ. ಆಗ ನನ್ನ ನೋಡಿ ಒಂದು ಗುರುತು ಹಾಕಿಬಿಡು."

ಹಾಳೆಯ ಮೇಲೆ ಅರ್ಧರ್ಧ ಗಂಟೆಗೆ ಒಂದೊಂದು ಚೌಕ ನಾನೇ ಗೆರೆ ಎಳೆದುಕೊಟ್ಟೆ. ನಿದ್ದೆಯಾದರೆ ಗೀಟು, ಎಚ್ಚರವಾದರೆ ಸೊನ್ನೆ. ಗಡಿಯಾರವನ್ನು ನನಗೆ ಕಾಣದ ಹಾಗೆ ಅವಳ ಕಡೆ ತಿರುಗಿಸಿಟ್ಟೆ. ಎಷ್ಟೋ ವರ್ಷದಿಂದ ನನ್ನ ಹೊರಳಾಟ ತಾಳಲಾರದೆ ಹಾಲಿನಲ್ಲಿ ಮಲಗುತ್ತಿದ್ದವಳು ಇದಕ್ಕಾಗಿ ತನ್ನ ದಿಂಬು ಎತ್ತಿಕೊಂಡು ಕೋಣೆಗೆ ಬಂದಳು.

ಮೊದಲ ಎರಡು ಮೂರು ರಾತ್ರಿಗಳ ಹಾಳೆಯಲ್ಲಿ ಅಲ್ಲೊಂದು ಇಲ್ಲೊಂದು ಗುರುತಿತ್ತು. ಬೆಳಗ್ಗೆ ಕಾಫಿ ಕುಡಿಯುತ್ತ ಹಾಳೆ ನೋಡಿ ನಾನು ಹೇಳಿದ ಮಾತು ಅಕ್ಷರಶಃ ನೆನಪಿದೆ. "ಏನಿದು, ಎರಡು ಗಂಟೆಯಿಂದ ಮೂರೂವರೆವರೆಗೆ ಬರೀ ಖಾಲಿ? ಮಧ್ಯೆ ಬಿಟ್ಟುಹೋದ ಪಟ್ಟಿಗೆ ಮೂರು ಕಾಸಿನ ಬೆಲೆ ಇಲ್ಲ. ಮಾಡೋದಾದ್ರೆ ಸರಿಯಾಗಿ ಮಾಡು, ಇಲ್ಲಾಂದ್ರೆ ಬಿಟ್ಟುಬಿಡು."

ಅವಳು ಬಿಟ್ಟುಬಿಡಲಿಲ್ಲ. ಮರುದಿನದಿಂದ ಹಾಳೆ ತುಂಬಿಕೊಂಡು ಬಂತು, ಒಂದು ಚೌಕವೂ ಖಾಲಿಯಿಲ್ಲ. ನನಗೆ ಬಹಳ ಸಮಾಧಾನವಾಯಿತು.

ಚಿಕಿತ್ಸೆ ಹಿಡಿಯಿತು. ಅದನ್ನು ಒಪ್ಪಿಕೊಳ್ಳಲೇಬೇಕು. ಮೊದಲ ಹತ್ತು ದಿನ ನರಕ. ಹನ್ನೆರಡೂವರೆವರೆಗೆ ಕುರ್ಚಿಯಲ್ಲಿ ತೂಕಡಿಸುತ್ತ, ಬಿದ್ದು ಏಳುತ್ತ ಕೂತಿದ್ದೇನೆ. ಆದರೆ ಹೆಂಡತಿಯ ಹಾಳೆ ನನ್ನ ಅಹಂಕಾರಕ್ಕೆ ಸರಿಯಾದ ಪೆಟ್ಟು ಕೊಟ್ಟಿತು. ಇಡೀ ರಾತ್ರಿ ಕಣ್ಣು ಬಿಟ್ಟುಕೊಂಡೇ ಇದ್ದೆ ಎಂದು ನಾನು ಆಣೆ ಮಾಡಿ ಹೇಳುವ ದಿನಗಳಲ್ಲೂ ಆರೇಳು ಗೀಟುಗಳಿದ್ದವು. "ನೀನು ಸರಿಯಾಗಿ ನೋಡಿಲ್ಲ" ಎಂದು ಜಗಳ ತೆಗೆದೆ. "ಗೊರಕೆ ಹೊಡೀತಿದ್ರಿ" ಎಂದಳು. ಪುಸ್ತಿಕೆಯಲ್ಲಿ ಇನ್ನೊಂದು ಅಭ್ಯಾಸವಿತ್ತು, ರಾತ್ರಿ ತಲೆ ತಿನ್ನುವ ಯೋಚನೆಯನ್ನು ಹಗಲು ಬರೆದು, ಅದಕ್ಕೆ ಆಧಾರವೇನು ಎಂದು ಕೇಳಿಕೊಳ್ಳುವುದು. ನನ್ನದು ಒಂದೇ ಯೋಚನೆ: ಇವತ್ತು ನಿದ್ದೆ ಬಾರದಿದ್ದರೆ ನಾಳೆ ಕೆಲಸ ಕೆಡುತ್ತದೆ. ಹನ್ನೊಂದು ವರ್ಷದಲ್ಲಿ ನಾನು ತಪ್ಪಾಗಿ ಓದಿದ ಮೀಟರು ಎಷ್ಟು? ಒಂದೂ ಇಲ್ಲ. ಹಾಗಾದರೆ ಹೆದರುವುದು ಯಾಕೆ? ಆ ಪ್ರಶ್ನೆ ಕೇಳಿಕೊಂಡ ಮೇಲೆ ಎದೆಯ ಮೇಲಿದ್ದ ಭಾರ ಇಳಿದಂತಾಯಿತು. ನಾಲ್ಕನೇ ವಾರದ ಹೊತ್ತಿಗೆ ತಲೆ ಇಟ್ಟರೆ ನಿದ್ದೆ. ಐದನೇ ವಾರ ಹನ್ನೊಂದೂವರೆಯಿಂದ ಐದೂವರೆ, ಹಾಳೆಯ ತುಂಬ ಬರೀ ಗೀಟು. ಬಾಗಿಲ ಗಂಟೆಯ ತಂತಿಯನ್ನು ನಾನೇ ಜೋಡಿಸಿದೆ. ಮಗಳು ಗಂಟೆಯನ್ನು ಹತ್ತು ಸಲ ಒತ್ತಿ ಕುಣಿದಳು.

ಅದೇ ಐದನೇ ವಾರದ ಬುಧವಾರ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ತಟ್ಟೆ ನೋಡುತ್ತಲೇ ಹೇಳಿದಳು. ಹಿಂದಿನ ದಿನ ಒಬ್ಬ ಮುದುಕರಿಗೆ ರಕ್ತ ತೆಳುವಾಗಿಸುವ ಮಾತ್ರೆಯಲ್ಲಿ ಒಂದು ಮಿಲಿಗ್ರಾಮಿನದ್ದು ಕೊಡುವ ಕಡೆ ಐದರದ್ದು ಕೊಟ್ಟುಬಿಟ್ಟಿದ್ದಳು. ಮಾತ್ರೆಯ ಬಣ್ಣ ಬೇರೆಯಿದೆಯಲ್ಲ ಎಂದು ಅವರ ಸೊಸೆ ಮನೆಯಲ್ಲಿ ನೋಡಿ, ಕೊಡದೆ ವಾಪಸು ತಂದಿದ್ದಳು. ಏನೂ ಅನಾಹುತ ಆಗಲಿಲ್ಲ. ಆದರೆ ಮೆಮೊ ಬಂದಿತ್ತು, ಸೋಮವಾರದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಬೇಕು.

"ಹೇಗಾಯ್ತೋ ಗೊತ್ತಿಲ್ಲ ರೀ. ಕೈಯಲ್ಲಿ ಹಿಡ್ಕೊಂಡಿದ್ದೆ, ಓದಿದ್ದೂ ನೆನಪಿದೆ. ಆದ್ರೂ ಐದರದ್ದೇ ಹಾಕಿದೀನಿ."

ಆಗ ನಾನು ಮಾಡಿದ್ದೇನು? ಉಪದೇಶ ಮಾಡಿದೆ. ಓದುವವನೇ ಕೊಡಬಾರದು, ನಿಮ್ಮಲ್ಲಿ ಎರಡನೇ ಕಣ್ಣು ಇಲ್ಲದಿರುವುದೇ ತಪ್ಪು, ನಮ್ಮಲ್ಲಾದರೆ ಹೀಗೆ ಆಗುವುದೇ ಇಲ್ಲ ಎಂದು ಅರ್ಧ ಗಂಟೆ ಕೊರೆದೆ. "ಸ್ವಲ್ಪ ಎಚ್ಚರದಿಂದ ಇರಬೇಕಪ್ಪ" ಎಂದೂ ಸೇರಿಸಿದೆ. ಅವಳು "ಹೂಂ" ಎಂದು ಪಾತ್ರೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಹನ್ನೊಂದೂವರೆಗೆ ಮಲಗಿ ಗಡದ್ದಾಗಿ ನಿದ್ದೆ ಮಾಡಿದೆ.

ಶುಕ್ರವಾರ ಮಧ್ಯಾಹ್ನ ನಮ್ಮ ಮೇಲಧಿಕಾರಿ, "ಪಂಪ್‌ಹೌಸಿನ ರಾತ್ರಿ ಪಾಳಿಯವರಿಗೂ ನಿದ್ದೆ ಸಮಸ್ಯೆ ಇದೆ, ನೀವು ಹೇಗೆ ಸರಿಮಾಡಿಕೊಂಡಿರಿ ಹೇಳಿ" ಎಂದು ಊಟದ ಕೋಣೆಯಲ್ಲಿ ನನ್ನನ್ನು ಮಾತಿಗೆ ನಿಲ್ಲಿಸಿದರು. ಹದಿನಾಲ್ಕು ಜನ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ನಾನು ಐದು ವಾರದ ಹಾಳೆಗಳನ್ನು ಬೋರ್ಡಿಗೆ ಸಾಲಾಗಿ ಚುಚ್ಚಿ, ಮದುವೆ ಗಂಡಿನ ಹಾಗೆ ನಿಂತು ವಿವರಿಸಿದೆ. ಸೊನ್ನೆಗಳು ಹೇಗೆ ಕಡಿಮೆಯಾದವು, ಗೀಟುಗಳು ಹೇಗೆ ಹೆಚ್ಚಿದವು ನೋಡಿ ಎಂದೆ. ಚಪ್ಪಾಳೆಯೂ ಬಿತ್ತು.

ಗಿಣಿ ಮಾತ್ರ ತುತ್ತು ಕೈಯಲ್ಲಿ ಹಿಡಿದುಕೊಂಡೇ ಬೋರ್ಡಿನ ಹತ್ತಿರ ಬಂದು ಹಾಳೆಗಳನ್ನು ನೋಡಿದ.

"ಸಾರ್, ಬರೆದಿದ್ದು ಯಾರು?"

"ನನ್ನ ಹೆಂಡತಿ. ಓದುವವನು ಬರೆಯಬಾರದಲ್ಲಪ್ಪ!" ಎಲ್ಲರೂ ನಕ್ಕರು.

ಅವನು ನಗಲಿಲ್ಲ. ಕುಚೋದ್ಯವೂ ಅವನ ಮುಖದಲ್ಲಿರಲಿಲ್ಲ. "ಅಲ್ಲ ಸಾರ್, ಒಂದು ಗಂಟೆ, ಒಂದೂವರೆ, ಎರಡು, ಎರಡೂವರೆ, ಮೂರು... ಒಂದೂ ಬಿಟ್ಟಿಲ್ಲ. ಮೊದಲ ಎರಡು ಮೂರು ದಿನ ಬಿಟ್ರೆ ದಿನಾಲೂ ಹೀಗೇ ಇದೆ. ಹಾಗಾದ್ರೆ ಅವರು ಮಲಗ್ತಿದ್ದುದು ಯಾವಾಗ?"

ನಾನು ಬೋರ್ಡಿನ ಕಡೆ ತಿರುಗಿ ಆಮೇಲಿನ ಹಾಳೆಗಳಲ್ಲಿ ಒಂದು ಖಾಲಿ ಚೌಕವನ್ನು ಹುಡುಕಿದೆ. ಯಾರೋ ಡಬ್ಬಿಯ ಮುಚ್ಚಳ ಹಾಕಿದ ಸದ್ದು ಕೇಳಿತು. ಮೇಲಧಿಕಾರಿ ಕೆಮ್ಮಿ, "ಆಯ್ತು, ಹೊತ್ತಾಯ್ತು" ಎಂದರು. ಬೋರ್ಡಿನಿಂದ ಹಾಳೆ ಬಿಚ್ಚುವಾಗ ಒಂದೊಂದೇ ಪಿನ್ನು ಕೆಳಗೆ ಬೀಳುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಎಂದು ಜನ ಹೇಳುವುದನ್ನು ಕೇಳಿದ್ದೆ. ಅದು ಬರೀ ಮಾತಲ್ಲ ಎಂದು ಆವತ್ತು ಗೊತ್ತಾಯಿತು. ಐದು ವಾರ ಆ ಹಾಳೆಗಳನ್ನು ದಿನಾ ನೋಡಿದ್ದೇನೆ. ಎಲ್ಲ ಚೌಕದಲ್ಲೂ ನನ್ನನ್ನೇ ನೋಡಿಕೊಂಡಿದ್ದೆ.

ಆ ಸಂಜೆ ಅವಳು ಮನೆಗೆ ಬಂದು ಚಪ್ಪಲಿ ಬಿಡುವುದಕ್ಕೂ ಬಿಡದೆ ಕೇಳಿದೆ. "ಹೇಗೆ ಮಾಡ್ತಿದ್ದೆ ನೀನು?"

ಏನನ್ನು ಎಂದು ಅವಳು ಕೇಳಲಿಲ್ಲ. ಚೀಲ ಇಟ್ಟು ಕುರ್ಚಿಯಲ್ಲಿ ಕೂತಳು. "ಮೊದಲು ಒಂದು ವಾರ ಮೊಬೈಲನ್ನ ದಿಂಬಿನ ಕೆಳಗೆ ಇಟ್ಕೊಂಡಿದ್ದೆ, ಅರ್ಧ ಗಂಟೆಗೊಂದು ಸಲ ನಡುಗೋ ಹಾಗೆ. ಆಮೇಲೆ ಅದೂ ಬೇಕಾಗಲಿಲ್ಲ. ತಾನಾಗೇ ಎಚ್ಚರ ಆಗ್ತಿತ್ತು."

"ಆಗಲ್ಲ ಅನ್ನಬಾರದಾಗಿತ್ತಾ?"

"ಹನ್ನೊಂದು ವರ್ಷ ಆದ್ಮೇಲೆ ನಿಮಗೆ ನಿದ್ದೆ ಹತ್ತಿತ್ತು. ಎಲ್ಲಿ ಕೆಟ್ಟುಹೋಗುತ್ತೋ ಅಂತ..." ಬಗ್ಗಿ ಚಪ್ಪಲಿ ಬಿಚ್ಚುತ್ತ ಮತ್ತೆ ಹೇಳಿದಳು. "ನಿಮಗೋಸ್ಕರ ಅಷ್ಟೇ ಅಲ್ಲ. ಈ ಮನೇಲಿ ಜೋರಾಗಿ ಉಸಿರು ಬಿಡೋಕೂ ಹೆದರಿಕೆ ಇತ್ತು. ನೀವು ಮಲಗಿದ್ರೆ ಮನೆ ಮನೆ ಥರ ಆಗುತ್ತೆ ಅಂದ್ಕೊಂಡೆ."

ಮೆಮೊ ಮೇಜಿನ ಮೇಲೆ ಬಿದ್ದಿತ್ತು, ಪಕ್ಕದಲ್ಲಿ ಬಿಳಿ ಹಾಳೆ, ಒಂದಕ್ಷರವೂ ಬರೆದಿರಲಿಲ್ಲ. ನಿಜವಾದ ಕಾರಣವನ್ನೇ ಬರೆ ಎಂದೆ.

"ಏನಂತ ಬರೀಲಿ? ರಾತ್ರಿಯೆಲ್ಲ ಗಂಡ ನಿದ್ದೆ ಮಾಡೋದನ್ನ ನೋಡ್ತಾ ಕೂತಿದ್ದೆ ಅಂತಾನಾ?"

ನನಗೆ ಕಪಾಳಕ್ಕೆ ಬಿಗಿದಂತಾಯಿತು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾನೇ ಬಂದು ನಿಮ್ಮ ಮೇಡಂ ಹತ್ತಿರ ಹೇಳುತ್ತೇನೆ, ತಪ್ಪು ನನ್ನದು ಎಂದೆ. ಅವಳು ಮೊದಲ ಸಲ ತಲೆಯೆತ್ತಿ ನನ್ನ ಕಣ್ಣು ನೋಡಿದಳು.

"ಬೇಡ. ನಿಮಗೆ ಕೈ ಮುಗೀತೀನಿ, ನೀವೇನೂ ಮಾಡಬೇಡಿ. ಗಮನ ತಪ್ಪಿತು, ಕ್ಷಮಿಸಿ ಅಂತ ಎರಡು ಸಾಲು ಬರೆದುಕೊಡ್ತೀನಿ. ಮುಗಿಯುತ್ತೆ."

ನಾನು ಒಂದು ಸಲ ಪಟ್ಟು ಹಿಡಿದರೆ ಬಿಡುವ ಆಸಾಮಿಯಲ್ಲ. ತಪ್ಪು ಒಪ್ಪಿಕೊಂಡು ಹಗುರಾಗುವ ಆಸೆ ಬೇರೆ. ಅದು ಯಾರ ಭಾರ ಇಳಿಸಿಕೊಳ್ಳುವ ಆಸೆ ಎಂದು ಯೋಚಿಸಲಿಲ್ಲ. ಸೋಮವಾರ ರಜೆ ಹಾಕಿ, ಐದು ವಾರದ ಹಾಳೆಗಳನ್ನು ಫೈಲಿನಲ್ಲಿಟ್ಟುಕೊಂಡು ಅವಳ ಆಸ್ಪತ್ರೆಗೆ ಹೋದೆ.

ಔಷಧಿ ವಿಭಾಗದ ಮುಖ್ಯಸ್ಥೆ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡ, ಮಾತು ಕಡಿಮೆಯ ಹೆಂಗಸು. ನಾನು ಇದ್ದದ್ದು ಇದ್ದಂತೆ ಹೇಳಿ ಫೈಲನ್ನು ಮುಂದಿಟ್ಟೆ. ಅವರು ಕನ್ನಡಕ ಇಳಿಸಿ ಒಂದೊಂದೇ ಹಾಳೆ ತಿರುವಿದರು. ಮೊದಲ ವಾರದ ಗೀಟುಗಳು ನೆಟ್ಟಗಿದ್ದವು. ಕೊನೆಕೊನೆಗೆ ಅವು ಚೌಕದಿಂದ ಹೊರಗೆ ಜಾರಿದ್ದವು. ನಾನು ಅದನ್ನೂ ಅಲ್ಲಿಯೇ ಮೊದಲು ಗಮನಿಸಿದ್ದು.

"ಇದು ನಿಮ್ಮ ನಿದ್ದೆ ಲೆಕ್ಕ," ಎಂದರು. "ಅವರದ್ದು ಎಲ್ಲಿದೆ?"

ಅವರು ಫೈಲು ಮುಚ್ಚಿ ನನ್ನ ಕಡೆ ಸರಿಸಿದರು.

"ನೀವು ಒಳ್ಳೇದಕ್ಕೇ ಬಂದಿದೀರಿ ಅಂದ್ಕೋತೀನಿ. ಆದ್ರೆ ಏನು ತಂದುಕೊಟ್ರಿ ಅಂತ ಗೊತ್ತಾಯ್ತಾ? ಹದಿನೆಂಟು ವರ್ಷಕ್ಕೆ ಒಂದು ತಪ್ಪು. ಬೆಳಗ್ಗೆ ಅವರು ಎರಡು ಸಾಲಿನ ಉತ್ತರ ಕೊಟ್ಟಿದ್ರು, ನಾನು ಒಂದು ಎಚ್ಚರಿಕೆ ಬರೆದು ಮುಗಿಸೋಳಿದ್ದೆ. ಈಗ ನೀವು, ಐದು ವಾರ ಅವರು ನಿದ್ದೆ ಇಲ್ಲದೆ ಮಾತ್ರೆ ಕೊಟ್ಟಿದಾರೆ ಅಂತ ಕಾಗದದ ಮೇಲೆ ತೋರಿಸಿದ್ರಿ. ನೋಡಿದ್ಮೇಲೆ ನೋಡಿಲ್ಲ ಅನ್ನೋಕೆ ನನಗಾಗಲ್ಲ. ಐದು ವಾರದ ಚೀಟಿ ಅಷ್ಟನ್ನೂ ತೆಗೆದು ನೋಡಬೇಕು, ಜನರಿಗೆ ಫೋನ್ ಮಾಡಿ ಕೇಳಬೇಕು."

"ಮೇಡಂ, ತಪ್ಪು ನನ್ನದು ಅಂತ ಹೇಳೋಕೇ..."

"ತಪ್ಪು ಯಾರದಾದ್ರೂ ಆಗಲಿ, ಮಾತ್ರೆ ಕೊಟ್ಟ ಕೈ ಅವರದು."

ಅವಳನ್ನು ಒಳಗೆ ಕರೆಸಿದರು. ನನ್ನನ್ನು, ನನ್ನ ಮುಂದಿದ್ದ ಫೈಲನ್ನು ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿದುಹೋಯಿತು. ಮೇಡಂ ಆದೇಶ ಹೇಳಿದರು. ಇವತ್ತಿನಿಂದ ಗೋಡೌನಿನಲ್ಲಿ ಪೆಟ್ಟಿಗೆ ಎಣಿಸುವ ಕೆಲಸ. ಚೀಟಿಗಳ ಪರಿಶೀಲನೆ ಮುಗಿದು, ನಿದ್ದೆ ಸರಿಹೋಗಿದೆ ಎಂದು ಡಾಕ್ಟರ ಬಳಿ ಬರೆಸಿಕೊಂಡು ಬಂದ ಮೇಲೆಯೇ ಕೌಂಟರಿನ ಮಾತು. ಅವಳು "ಸರಿ ಮೇಡಂ" ಎಂದು ಕೌಂಟರಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. ನಾನು ಹೊರಗೆ ಬಂದಾಗ ಗಾಜಿನ ಮುಂದೆ ಇಪ್ಪತ್ತು ಜನ ನಿಂತಿದ್ದರು. ಒಬ್ಬ ಅಜ್ಜಿ ಕೋಲೂರಿಕೊಂಡು ಎಲ್ಲರನ್ನೂ ಕೇಳುತ್ತಿದ್ದಳು, "ಅಕ್ಕ ಎಲ್ಲಿ? ಅಕ್ಕ ಬರಲ್ವಾ?" ನನ್ನನ್ನೂ ಕೇಳಿದಳು. ಗೊತ್ತಿಲ್ಲ ಎಂದು ಸುಳ್ಳು ಹೇಳಿ ಮೆಟ್ಟಿಲಿಳಿದೆ.

ಸಂಜೆ ಅವಳು ಮಾತಾಡಿದ್ದು ಒಂದೇ ಮಾತು. "ನಾನು ಬೇಡ ಅಂದಿದ್ದೆ." ಮಗಳು ನನ್ನ ಕಡೆ ನೋಡದೆ ಅಮ್ಮನಿಗೆ ಮಾತ್ರ ಊಟ ಬಡಿಸಿದಳು. ನಾನೇ ಹಾಕಿಕೊಂಡು ಉಂಡೆ.

ಮಲಗುವ ಹೊತ್ತಿಗೆ ಪುಸ್ತಿಕೆಯನ್ನು ಅವಳ ಕೈಗಿಟ್ಟೆ. ನಾಚಿಕೆಗೆಟ್ಟವನ ಹಾಗೆ, "ನೀನೂ ಶುರುಮಾಡು, ನಾನು ಎಚ್ಚರ ಇದ್ದು ಬರೆದುಕೊಳ್ತೀನಿ" ಎಂದೆ. ಅವಳು ಅದನ್ನು ತೆರೆಯಲೂ ಇಲ್ಲ.

"ಇದರಲ್ಲಿರೋದೆಲ್ಲ ಬಾಯಿಪಾಠ ಆಗಿದೆ, ನಿಮಗೆ ಓದಿ ಹೇಳಿದ್ದೇ ನಾನಲ್ವಾ? ಈಗ ಯಾರೂ ಎಚ್ಚರ ಇರೋದು ಬೇಡ. ನೀವು ಮಲಗಿ. ನೀವು ಎಚ್ಚರ ಇದ್ದೀರಿ ಅಂದ್ರೇನೇ ನನಗೆ ಕಣ್ಣು ಮುಚ್ಚಕ್ಕಾಗಲ್ಲ."

ಮಲಗಿದಂತೆ ನಟಿಸಿದರಾಯಿತು ಎಂದುಕೊಂಡೆ. ಅವಳ ಉಸಿರು ನಿಧಾನವಾಗುವುದನ್ನು ಕೇಳುವವರೆಗೆ ಕಣ್ಣು ಮಿಟುಕಿಸುವುದಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ. ಹನ್ನೊಂದು ವರ್ಷ ಬೇಡಬೇಡವೆಂದರೂ ಎಚ್ಚರವಿದ್ದವನಿಗೆ ಒಂದು ರಾತ್ರಿ ಬೇಕೆಂದು ಎಚ್ಚರವಿರುವುದು ಯಾವ ಮಹಾ ಕೆಲಸ? ಗೋಡೆ ಕಡೆ ತಿರುಗಿ, ಕಣ್ಣು ಅಗಲಿಸಿಕೊಂಡು ಮಲಗಿದೆ. ಅವಳು ಒಂದು ಸಲ ಮಗ್ಗುಲು ಬದಲಿಸಿದ್ದು ಗೊತ್ತಾಯಿತು.

ಐದೂವರೆಗೆ ಅಲಾರಂ ಹೊಡೆದಾಗ ಪಕ್ಕದಲ್ಲಿ ಅವಳಿರಲಿಲ್ಲ. ಹಾಲಿಗೆ ಬಂದು ನೋಡಿದರೆ ದೀಪ ಹಾಕದೆ ಕುರ್ಚಿಯಲ್ಲಿ ಕೂತಿದ್ದಳು. ನಿದ್ದೆ ಹತ್ತದಿದ್ದರೆ ಎದ್ದು ಹೋಗಿ ಕೂರಬೇಕಲ್ಲ, ಹಾಗೆ. ಕಾಲು ಮೇಲೆಳೆದುಕೊಂಡು, ಸೆರಗನ್ನು ಪಾದದ ಮೇಲೆ ಹೊದ್ದು, ಆಸ್ಪತ್ರೆಗೆ ಹೊರಡುವ ಹೊತ್ತಿಗಾಗಿ ಕಾಯುತ್ತಿರುವವಳಂತೆ ಬಾಗಿಲ ಕಡೆ ನೋಡುತ್ತಿದ್ದಳು.

"ನಿನಗೆ ನಿದ್ದೆ ಬಂತಾ?" ಎಂದು ಕೇಳಿದೆ.

"ನಿಮಗೆ ಬಂತಲ್ಲ, ಬಿಡಿ," ಎಂದಳು. ಕೊಂಕಿರಲಿಲ್ಲ, ಕೋಪವೂ ಇರಲಿಲ್ಲ.

ಬಂದಿತ್ತು. ಆರು ಗಂಟೆ ಹೊತ್ತು ಒಂದು ಸಲವೂ ಎಚ್ಚರವಾಗದ ನಿದ್ದೆ. ಐದು ವಾರದಲ್ಲಿ ಅಷ್ಟು ಒಳ್ಳೆಯ ನಿದ್ದೆ ನನಗೆ ಒಂದು ರಾತ್ರಿಯೂ ಬಂದಿರಲಿಲ್ಲ.